ಕವರಿನ ಒಳಗಿನ ‘ಸರಿ’

ಅಕ್ಟೋಬರ್ 6

ಅಪ್ಪ,

ನಿಮ್ಮ ಕೈಬರಹ ಸಿಕ್ಕಿತು. ಕಾಗದದ ಮೇಲಲ್ಲ, ತಗಡಿನ ಮೇಲೆ.

ಈ ಸಲದ ಗುತ್ತಿಗೆಯ ಬಗ್ಗೆ ಅಕ್ಕ ಹೇಳಿರಬೇಕು. ನೀವು ಕೆಲಸ ಮಾಡಿದ ಹಳೆಯ ಬಡಾವಣೆಯೇ. ನೂರ ನಲವತ್ತು ಮನೆಗಳ ಗ್ಯಾಸ್ ಹೀಟರ್‌ಗಳನ್ನು ಬಿಚ್ಚಿ ಹೀಟ್ ಪಂಪ್ ಕೂರಿಸಬೇಕು. ಚಳಿಗಾಲಕ್ಕೆ ಬಿಸಿ, ಬೇಸಿಗೆಗೆ ತಂಪು, ಎರಡಕ್ಕೂ ಒಂದೇ ಯಂತ್ರ. ಡಿಸೆಂಬರ್ ಕೊನೆಗೆ ಆ ಬೀದಿಗಳ ಗ್ಯಾಸ್ ಲೈನನ್ನೇ ಮುಚ್ಚುತ್ತಾರಂತೆ.

ಮೊದಲ ಮನೆಯಲ್ಲಿ ಹೀಟರಿನ ಕವರ್ ಬಿಚ್ಚಿ ತಿರುಗಿಸಿದರೆ, ಒಳಬದಿಯಲ್ಲಿ ಪೆನ್ಸಿಲ್ ಅಕ್ಷರ. ತಾರೀಕು, ‘ಸರಿ’, ಕೆಳಗೆ ಬಾಲ ಸುತ್ತಿದ ನಿಮ್ಮ ಸಹಿ. ಎರಡನೆಯ ಮನೆಯಲ್ಲಿ ಏಳು ವರ್ಷದ ಏಳು ಸಾಲು. ಇಲ್ಲಿಯವರೆಗೆ ಮೂವತ್ತೊಂದು ಮನೆಗಳಲ್ಲಿ ಸಿಕ್ಕಿದ್ದೀರಿ. ನಮ್ಮ ಎಲೆಕ್ಟ್ರಿಷಿಯನ್ ಕಾಕ ತಲೆ ಕೆರೆದುಕೊಂಡು, "ನಿಮ್ಮಪ್ಪ ಹೀಟರ್ ರಿಪೇರಿ ಮಾಡ್ತಿದ್ರೋ, ಶಾಸನ ಕೆತ್ತಿಸ್ತಿದ್ರೋ?" ಎಂದರು. ಗುಜರಿಗೆ ಹಾಕುವ ಮೊದಲು ಒಂದೊಂದರದೂ ಫೋಟೊ ತೆಗೆದಿಡುತ್ತಿದ್ದೇನೆ.

ಅಕ್ಕ ಫೋನಿನಲ್ಲಿ ನಿಮ್ಮ ಮೇಲೆ ದೂರು ಹೇಳಿದಳು. "ಹೊರಗೆ ಹಲ್ಲು ಕಟಕಟ ಅನ್ನೋ ಚಳಿ. ಅಪ್ಪ ಕಿಟಕಿ ಒಂದು ಬೆರಳು ತೆಗೆದೇ ಇಡ್ತಾರೆ. ಬೀದಿಗೆಲ್ಲ ಶಾಖ ಹಂಚ್ತಿದೀವಿ ಕಣೇ." ನಾನು ನಕ್ಕೆ. ನಾವು ಚಿಕ್ಕವರಿದ್ದಾಗಲೂ ಹಾಗೇ ಇತ್ತಲ್ಲ. ಕಿಟಕಿ ಪಕ್ಕದ ಹಾಸಿಗೆ ಯಾರಿಗೆ ಎಂದು ನಾವಿಬ್ಬರೂ ಜಗಳವಾಡುತ್ತಿದ್ದೆವು.

ಫೋನಿನಲ್ಲಿ ನಿಮಗೆ ಗೊಂಯ್ ಅನ್ನುವುದು ಬಿಟ್ಟು ಬೇರೇನೂ ಕೇಳಿಸುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮಂಡಿ ಹೇಗಿದೆ ತಿಳಿಸಿ.

ನಿಮ್ಮ
ಇಕ್ಕಳ


ಅಕ್ಟೋಬರ್ 15

ಇಕ್ಕಳ,

ನಿನ್ನ ಪತ್ರವನ್ನು ಮೂರು ಸಲ ಓದಿದೆ. ಹಿಡಿದದ್ದನ್ನು ಬಿಡುವುದಿಲ್ಲವೆಂದು ಆ ಹೆಸರಿಟ್ಟದ್ದು, ಇವತ್ತಿಗೂ ಹೊಂದುತ್ತದೆ.

ಪೆನ್ಸಿಲ್ ಯಾಕೆಂದರೆ, ಪೆನ್ನಿನ ಶಾಯಿ ಒಂದೇ ಚಳಿಗಾಲದ ಬಿಸಿಗೆ ಹಾರಿಹೋಗುತ್ತದೆ. ಸೀಸದ್ದು ತಗಡಿಗೆ ಕಚ್ಚಿಕೊಳ್ಳುತ್ತದೆ. ಮುಂದಿನ ವರ್ಷ ಬಂದವನಿಗೆ ಹಿಂದಿನವನು ಏನು ಮಾಡಿದ್ದಾನೆಂದು ಗೊತ್ತಾಗಬೇಕು. ಹೆಚ್ಚಿನ ಮನೆಗಳಲ್ಲಿ ಹಿಂದಿನವನೂ ನಾನೇ, ಮುಂದಿನವನೂ ನಾನೇ. ‘ಸರಿ’ ಎಂದರೆ ಮೂರು ಕೆಲಸ ಆಗಿದೆ ಎಂದು ಅರ್ಥ: ಬರ್ನರ್ ಉಜ್ಜಿದ್ದು, ಕಡ್ಡಿ ಗೀರಿ ಅದರ ಹೊಗೆಯನ್ನು ಕೊಳವೆ ಒಳಕ್ಕೆ ಎಳೆದುಕೊಳ್ಳುತ್ತದೆಯೇ ಎಂದು ನೋಡಿದ್ದು, ಹೊಗೆ ಕೊಳವೆಯನ್ನು ಕೈಯಲ್ಲಿ ಹಿಡಿದು ಜಗ್ಗಿದ್ದು. ಜಗ್ಗಿದರೆ ಅಲುಗಬಾರದು.

ನೀನು ಕೂರಿಸುವ ಯಂತ್ರದಲ್ಲಿ ಉರಿಯೇ ಇಲ್ಲವಂತೆ. ಉರಿ ಇಲ್ಲದಿದ್ದರೆ ಹೊಗೆಯಿಲ್ಲ, ಹೊಗೆಯಿಲ್ಲದಿದ್ದರೆ ಕೊಳವೆಯಿಲ್ಲ. ಅದನ್ನು ಕಂಡುಹಿಡಿದವನಿಗೆ ಕೈಮುಗಿಯಬೇಕು.

ಒಂದು ಮಾತು. ನೀರಿನ ಟ್ಯಾಂಕಿನ ಹಿಂದಿನ ಓಣಿ ನಿನ್ನ ಪಟ್ಟಿಯಲ್ಲಿದೆಯೇ? ಆ ಸಾಲಿನ ನಾಲ್ಕನೆಯ ಮನೆಯ ಕೆಲಸವನ್ನು ಬೇರೆ ತಂಡಕ್ಕೆ ಕೊಟ್ಟುಬಿಡು. ಕಾರಣ ಕೇಳಬೇಡ. ಆ ಮನೆಯ ಗೋಡೆ ಸರಿಯಿಲ್ಲ.

ಮಂಡಿ ಹಾಗೇ ಇದೆ.

ಅಪ್ಪ


ಅಕ್ಟೋಬರ್ 27

ಅಪ್ಪ,

ನಿಮ್ಮ ಪತ್ರ ನನ್ನ ಕೈ ಸೇರಿದ್ದು ಗುರುವಾರ. ನಾನು ಆ ಮನೆಗೆ ಹೋಗಿದ್ದು ಬುಧವಾರ.

ಅಲ್ಲಿ ಒಬ್ಬ ಹೊಲಿಗೆಯಮ್ಮ ಇದ್ದಾರೆ. ವಯಸ್ಸು ಅರವತ್ತೈದರ ಮೇಲೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಗೂಟಗಳಲ್ಲಿ ಬೇರೆಯವರ ಕೋಟುಗಳು. ಅವರೇ ಎರಡು ಕೋಟು ಹಾಕಿಕೊಂಡು, ಬೆರಳಿಲ್ಲದ ಕೈಗವಸು ತೊಟ್ಟು ಕೂತಿದ್ದರು. ಒಳಗೆ ಹೊರಗಿಗಿಂತ ಹೆಚ್ಚು ಚಳಿ. ಗೋಡೆಯಲ್ಲಿ ಹೀಟರ್ ಇದೆ. ಅದರ ಮೇಲೆ ಒಂದು ಕಣ ಧೂಳಿಲ್ಲ, ದಿನಾ ಒರೆಸುತ್ತಾರೆ. ಹಚ್ಚುವುದಿಲ್ಲ.

"ಒಳಗಿನ ಕೋಣೆಗೆ ನಿಮ್ಮ ಹೊಸದು ಹಾಕ್ಕೊಳ್ಳಿ. ಈ ಗೋಡೇದು ಇರಲಿ" ಎಂದರು.

"ಅಮ್ಮಾ, ಲೈನೇ ಮುಚ್ತಾರೆ. ಇದನ್ನ ಇಟ್ಕೊಂಡು ಏನ್ಮಾಡ್ತೀರಿ?"

"ಇಪ್ಪತ್ತೆರಡು ವರ್ಷದಿಂದ ಏನ್ಮಾಡಿದೀನೋ ಅದನ್ನೇ."

ಗ್ಯಾಸ್ ಬಂದ್ ಆಗಿದೆಯೇ ಎಂದು ನೋಡಬೇಕು, ಕವರ್ ಮಾತ್ರ ಬಿಚ್ಚುತ್ತೇನೆ ಎಂದೆ. ಒಪ್ಪಿದರು. ಬಿಚ್ಚಿ ತಿರುಗಿಸಿದೆ. ನಿಮ್ಮದೇ ಐದು ಸಾಲು. ಕೊನೆಯದು ನವೆಂಬರ್ 19, ಸರಿ, ಸಹಿ. ನಾನು ಅದನ್ನು ನೋಡುತ್ತಿರುವುದನ್ನು ಅವರು ನೋಡುತ್ತಿದ್ದರು.

"ಆ ಅಕ್ಷರ ನಂಗೆ ಕಂಠಪಾಠ" ಎಂದರು. ಆಮೇಲೆ ಹೇಳಿದರು. ಅವರ ಗಂಡ ಬಸ್ ಡ್ರೈವರ್. ಅದೇ ನವೆಂಬರ್ 19ರ ಮಧ್ಯಾಹ್ನ ಇವರು ತಂಗಿಯ ಮನೆಗೆ ಹೋಗಿದ್ದರು. ಗಂಡ ಹೀಟರ್ ಹಚ್ಚಿಕೊಂಡು ಮಲಗಿದವರು ಮರುದಿನ ಏಳಲಿಲ್ಲ. ಬೆಳಿಗ್ಗೆಯೇ ಪಕ್ಕದ ಮನೆಯವರು ಇವರನ್ನು ಕರೆಸಿದರಂತೆ. ಉರಿಯಿಂದ ಬರುವ ಆ ವಿಷಗಾಳಿಗೆ ವಾಸನೆಯೂ ಇರುವುದಿಲ್ಲವಲ್ಲ. ತನಿಖೆಗೆ ಬಂದ ಇನ್‌ಸ್ಪೆಕ್ಟರ್ ಕವರ್ ಬಿಚ್ಚಿ ಈ ಸಾಲನ್ನು ಓದಿದನಂತೆ. ಹಿಂದಿನ ದಿನವೇ ಸರ್ವಿಸ್ ಆಗಿದೆ, ಯಂತ್ರದ್ದು ತಪ್ಪಿಲ್ಲ ಎಂದನಂತೆ. ಆಮೇಲೆ ಗೋಡೆಯ ಗಾಳಿ ಕಿಂಡಿ ನೋಡಿದನಂತೆ. ಅದರಲ್ಲಿ ಹಳೆಯ ಕೌದಿಯ ತುಂಡು ತುರುಕಿತ್ತು.

"ನಾನೇ ತುರುಕಿದ್ದು. ಹೊಲಿಯೋವಾಗ ಕತ್ತಿಗೆ ಗಾಳಿ ಹೊಡೀತಿತ್ತು. ರಿಪೇರಿಯವರ ಕೆಲಸ ಸರಿ ಇತ್ತಮ್ಮ. ಬರೆದಿದಾರಲ್ಲ."

ನಾನು ಯಾರ ಮಗಳೆಂದು ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ ಗೊತ್ತಿಲ್ಲ.

ಅಪ್ಪ, ನವೆಂಬರ್ 19 ನನಗೆ ನೆನಪಿದೆ. ಶಾಲೆಯ ಕಾಂಪೌಂಡಿನಿಂದ ಬಿದ್ದು ನಾನು ಕೈ ಮುರಿದುಕೊಂಡ ದಿನ. ನೀವು ಆಸ್ಪತ್ರೆಗೆ ಓಡಿ ಬಂದಿದ್ದಿರಿ. ಪ್ಲಾಸ್ಟರ್ ಮೇಲೆ ಜೇಬಿನ ಪೆನ್ಸಿಲ್‌ನಿಂದ ತಾರೀಕು ಬರೆದು, ‘ಸರಿ’ ಎಂದು ಬರೆದು, ಸಹಿ ಹಾಕಿದಿರಿ. ಅಳುತ್ತಿದ್ದವಳು ನಕ್ಕುಬಿಟ್ಟೆ. ನನ್ನ ಬಾಲ್ಯದಲ್ಲಿ ಅದಕ್ಕಿಂತ ಒಳ್ಳೆಯ ನೆನಪಿಲ್ಲ.

ಅವತ್ತು ನೀವು ಎಲ್ಲಿಂದ ಓಡಿ ಬಂದಿರಿ?

ಇಕ್ಕಳ


ನವೆಂಬರ್ 9

ಅಪ್ಪ,

ಉತ್ತರ ಬರಲಿಲ್ಲ.

ನೀವು ಊಟ ಅರ್ಧಕ್ಕೆ ಬಿಡುತ್ತಿದ್ದೀರಿ, ಕೇಳಿದರೆ ಹಲ್ಲುನೋವು ಎನ್ನುತ್ತೀರಿ ಎಂದು ಅಕ್ಕ ಹೇಳಿದಳು. "ಇರೋದೇ ಆರು ಹಲ್ಲು, ಅದರಲ್ಲಿ ಯಾವುದಕ್ಕೆ ನೋವಂತೆ?" ಎಂದು ನನ್ನನ್ನೇ ಕೇಳುತ್ತಾಳೆ. ಈಗ ಕಿಟಕಿಯನ್ನು ಪೂರ್ತಿ ತೆರೆದಿಡುತ್ತೀರಂತೆ.

ನಾನು ಆ ಓಣಿಗೆ ಮತ್ತೆ ಎರಡು ಸಲ ಹೋದೆ, ಅಕ್ಕಪಕ್ಕದ ಮನೆಗಳ ಕೆಲಸಕ್ಕೆ. ಆ ಗೋಡೆಯ ಆಚೆ ಹೊಲಿಗೆ ಯಂತ್ರ ಓಡುವುದು ಕೇಳುತ್ತದೆ. ನಿಲ್ಲುತ್ತದೆ. ಅದು ನಿಂತಾಗ ನಾನೂ ಕೆಲಸ ನಿಲ್ಲಿಸಿ ಕಾಯುತ್ತೇನೆ. ಮತ್ತೆ ಓಡುತ್ತದೆ.

ಡಿಸೆಂಬರ್ 12ಕ್ಕೆ ಅವರ ಹೀಟರನ್ನು ಬಿಚ್ಚಲೇಬೇಕೆಂದು ಕಚೇರಿಯಿಂದ ಚೀಟಿ ಬಂದಿದೆ. ಅದರ ಜೊತೆಗೆ ಕೊಳವೆ, ಮೇಲೆ ಅದನ್ನು ಮುಚ್ಚಿದ ಮರದ ಪೆಟ್ಟಿಗೆ, ಎಲ್ಲವೂ ಗುಜರಿಗೆ. ಆಮೇಲೆ ಯಾರು ಏನು ನೋಡಬೇಕೆಂದರೂ ನೋಡಲು ಏನೂ ಉಳಿದಿರುವುದಿಲ್ಲ.

ಇಷ್ಟು ತಿಳಿಸಬೇಕು ಅನ್ನಿಸಿತು.

ಇಕ್ಕಳ


ನವೆಂಬರ್ 14

ಮಗಳೇ,

ಈ ಮಾತನ್ನು ನಿನ್ನ ಅಮ್ಮನಿಗೂ ಹೇಳಿರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇನೋ. ಅವಳು ಕೇಳಲಿಲ್ಲ, ಚಳಿಯಲ್ಲಿ ಎದ್ದು ಕಿಟಕಿ ಮುಚ್ಚುವುದನ್ನು ಮಾತ್ರ ಬಿಟ್ಟಳು.

ನಾನು ಆ ಮನೆಯಿಂದಲೇ ಓಡಿ ಬಂದೆ.

ನನ್ನ ಕೆಲಸದ ಕ್ರಮ ನಿನಗೆ ಗೊತ್ತಿಲ್ಲ. ಕವರ್ ಬಿಚ್ಚಿ ಗೋಡೆಗೆ ಒರಗಿಸಿದ ಕೂಡಲೇ, ಕೈಗೆ ಮಸಿ ಹತ್ತುವ ಮೊದಲೇ, ಬರೆದುಬಿಡುತ್ತಿದ್ದೆ. ತಾರೀಕು, ಸರಿ, ಸಹಿ. ಕೆಲಸ ಆಮೇಲೆ. ಮಸಿ ಕೈಯಲ್ಲಿ ಬರೆದರೆ ಅಕ್ಷರ ಕೊಳಕಾಗುತ್ತದೆ ಎನ್ನುವುದು ಒಂದು ನೆಪ. ನಿಜವೆಂದರೆ ಜಂಬ. ‘ಸರಿ’ ಎಂದು ಬರೆದ ಮೇಲೆ ಸರಿ ಮಾಡದೆ ಎದ್ದುಹೋಗುವ ಮನುಷ್ಯ ನಾನಲ್ಲ ಎನ್ನುವ ಜಂಬ. ಇಪ್ಪತ್ತು ವರ್ಷ ಒಂದು ಸಲವೂ ಹಾಗೆ ಆಗಲಿಲ್ಲ.

ಅವತ್ತು ಮಧ್ಯಾಹ್ನ ಎರಡೂವರೆಗೆ ಹೋದೆ. ಡ್ರೈವರ್ ಒಬ್ಬರೇ ಇದ್ದರು. ಕವರ್ ಬಿಚ್ಚಿದೆ, ಬರೆದೆ, ಬ್ರಷ್ ಕೈಗೆ ತೆಗೆದುಕೊಂಡೆ. ಫೋನ್ ಬಂತು. ಶಾಲೆಯವರು ನಮ್ಮ ಅಂಗಡಿಗೆ ಹೇಳಿ, ಅಂಗಡಿಯವರು ಆ ಮನೆಗೆ ಮಾಡಿದ್ದರು. ಡ್ರೈವರ್ ಎತ್ತಿದರು. "ನಿಮಗೇ. ಮಗು ಬಿದ್ದು ಕೈ ಮುರ್ಕೊಂಡಿದೆಯಂತೆ."

ಆಮೇಲಿನದು ನನ್ನ ತಲೆ ಮಾಡಿದ ಕೆಲಸವಲ್ಲ, ಕೈ ಮಾಡಿದ್ದು. ಕವರ್ ಹಾಕಿತು. ನಾಲ್ಕು ತಿರುಪು ಬಿಗಿಯಿತು. ಗ್ಯಾಸ್ ತೆರೆದು ಪೈಲಟ್ ಹಚ್ಚಿತು. ಕವರ್ ಹಾಕಿದ ಮೇಲೆ ಪೈಲಟ್ ಹಚ್ಚುವುದು ಕೈಯ ರೂಢಿ. ಆ ಪುಟ್ಟ ಜ್ವಾಲೆ ಉರಿಯುತ್ತಿದ್ದರೆ ಮನೆಯವರು ಗುಂಡಿ ತಿರುಗಿಸಿದರೆ ಸಾಕು, ಹೀಟರ್ ಹತ್ತಿಕೊಳ್ಳುತ್ತದೆ. "ನಾಳೆ ಬೆಳಿಗ್ಗೆ ಬಂದು ಮುಗಿಸ್ತೀನಿ" ಎಂದೆ. ಅಲ್ಲಿಯವರೆಗೆ ಹಚ್ಚಬೇಡಿ ಎನ್ನಲಿಲ್ಲ. ಬರ್ನರ್ ಉಜ್ಜಿರಲಿಲ್ಲ. ಕಡ್ಡಿ ಗೀರಿರಲಿಲ್ಲ. ಕೊಳವೆ ಜಗ್ಗಿರಲಿಲ್ಲ.

ಮರುದಿನ ಹತ್ತು ಗಂಟೆಗೆ ಹೋದೆ. ಓಣಿಯಲ್ಲಿ ಜನ. ಇನ್‌ಸ್ಪೆಕ್ಟರ್ ಕವರನ್ನು ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದ. "ನೀವೇನಾ ರಿಪೇರಿಯವರು? ನಿಮ್ಮದೇನೂ ಇಲ್ಲ ಬಿಡಿ. ಸರಿ ಅಂತ ಬರೆದಿದೀರಲ್ಲ, ಎಲ್ಲಾ ನೋಡಿದೀರಿ ತಾನೇ?" ಎಂದು ಕೇಳಿದ.

ನಾನು ತಲೆ ಆಡಿಸಿದೆ.

ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ ಎಂದು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡೆ. ಮೂರು ವಾರದ ಮೇಲೆ ಮಂಡಿನೋವೆಂದು ಕೆಲಸ ಬಿಟ್ಟೆ. ಮಂಡಿ ಎಂದೂ ನೋಯಲಿಲ್ಲ.

ಕಿಂಡಿಗೆ ತುರುಕಿದ ಬಟ್ಟೆಯಿಂದಲೇ ಅವರು ಹೋಗಿರಬಹುದು. ನಾನು ಜಗ್ಗಿದ್ದರೂ ಕೊಳವೆ ಅಲುಗದೇ ಇರಬಹುದಿತ್ತು. ನನಗೆ ಗೊತ್ತಿಲ್ಲ. ಗೊತ್ತಿಲ್ಲದಿರುವುದರ ಮೇಲೇ ಬದುಕಿದ್ದೇನೆ. ಮೇಲಿನ ಮರದ ಪೆಟ್ಟಿಗೆಯನ್ನು ಅವತ್ತು ಯಾರೂ ಬಿಚ್ಚಲಿಲ್ಲ. ನೋಡಬೇಡ ಎಂದು ಮೂರು ಪತ್ರ ಬರೆದು ಹರಿದೆ. ಇದು ನಾಲ್ಕನೆಯದು.

ಬಿಚ್ಚಿ ನೋಡು. ಇದ್ದದ್ದನ್ನು ಇದ್ದ ಹಾಗೆ ಬರೆ.

ಅಪ್ಪ


ನವೆಂಬರ್ 23

ಅಪ್ಪ,

ನಿನ್ನೆ ನೋಡಿದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಕಾಕನನ್ನು ಕರೆದುಕೊಂಡು ಹೋಗಲಿಲ್ಲ. ಬಿಚ್ಚುವ ಮೊದಲು ಅಳತೆ ಬೇಕೆಂದು ಹೊಲಿಗೆಯಮ್ಮನಿಗೆ ಹೇಳಿದೆ. ಏಣಿ ಹತ್ತುವ ಮೊದಲು ಕೆಳಗಿನ ತುದಿಯಲ್ಲಿ ಕೊಳವೆಯನ್ನು ಕೈಯಲ್ಲಿ ಹಿಡಿದು ಜಗ್ಗಿದೆ, ನೀವು ಹೇಳಿದ ಹಾಗೆ. ಅದು ಕೆಳಗೆ ಬಂತು. ಎರಡು ಬೆರಳಿನಷ್ಟು, ಯಾವ ತಡೆಯೂ ಇಲ್ಲದೆ.

ಪೆಟ್ಟಿಗೆಯ ಹಲಗೆ ಬಿಚ್ಚಿದೆ. ಕೊಳವೆ ಅಡ್ಡ ತಿರುಗುವ ಜಾಗದಲ್ಲಿ ಒಂದರ ಬಾಯಿ ಇನ್ನೊಂದರೊಳಗೆ ಕೂರಬೇಕು, ಮೂರು ತಿರುಪು ಇರಬೇಕು. ಒಂದೂ ಇಲ್ಲ. ತೂತುಗಳು ತುಕ್ಕು ಹಿಡಿದು ಹಿಗ್ಗಿವೆ. ಹಲಗೆಯ ಒಳಬದಿಯಲ್ಲಿ ಬೀಸಣಿಗೆಯಾಕಾರದ ಮಸಿ, ಅಂಗೈಯಗಲ, ದಪ್ಪಗೆ. ಅದು ಒಂದು ರಾತ್ರಿಯ ಮಸಿಯಲ್ಲ. ಕೀಲು ಬಹಳ ದಿನದಿಂದ ಸಡಿಲಾಗಿತ್ತು. ಕೊನೆಗೆ ಕಳಚಿತ್ತು. ಅವತ್ತು ನೀವು ಜಗ್ಗಿದ್ದರೆ ಅದು ನಿಮ್ಮ ಕೈಗೂ ಬರುತ್ತಿತ್ತು.

ಗಾಳಿ ಕಿಂಡಿಯನ್ನೂ ಅಳೆದೆ. ಅವರು ಹೇಳಿದ ತುಂಡು ಅದರ ಅರ್ಧವನ್ನು ಮುಚ್ಚಬಹುದು. ಕೊಳವೆ ನೆಟ್ಟಗಿದ್ದಿದ್ದರೆ ಅರ್ಧ ಕಿಂಡಿಯ ಗಾಳಿ ಸಾಕಾಗುತ್ತಿತ್ತೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಕೊಳವೆ ಕಳಚಿದ ಮೇಲೆ ಕಿಂಡಿ ಪೂರ್ತಿ ತೆರೆದಿದ್ದರೂ ಆ ಕೋಣೆಯಲ್ಲಿ ಮಲಗಬಾರದು. ಇದನ್ನು ಆಣೆ ಮಾಡಿ ಹೇಳಬಲ್ಲೆ.

ಕೆಳಗಿನಿಂದ ಅವರು ಕೇಳಿದರು, "ಏನಿದೆಯಮ್ಮ ಅದರಲ್ಲಿ?"

"ಮಸಿ" ಎಂದೆ.

"ಇರದೇ ಇನ್ನೇನು" ಎಂದು ದಾರ ಕಡಿದರು.

ನಾನು ಹಲಗೆಯನ್ನು ಮತ್ತೆ ಮುಚ್ಚಿ ಕೆಳಗಿಳಿದೆ. ಅಂದರೆ ನೀವು ಮಾಡಿದ್ದನ್ನೇ ಮಾಡಿದೆ. ನಿಮಗೆ ಇಪ್ಪತ್ತೆರಡು ವರ್ಷ, ನನಗೆ ಒಂದು ದಿನ. ನಿನ್ನೆಯಿಂದ ನನಗೂ ಕೋಣೆಯಲ್ಲಿ ಗಾಳಿ ಸಾಲದು ಅನ್ನಿಸುತ್ತಿದೆ. ಕಿಟಕಿ ತೆಗೆದೇ ಇದನ್ನು ಬರೆಯುತ್ತಿದ್ದೇನೆ.

ಪ್ಲಾಸ್ಟರ್ ಮೇಲೆ ‘ಸರಿ’ ಎಂದು ಬರೆದಾಗ ನಿಮಗೆ ಗೊತ್ತಿರಲಿಲ್ಲ. ಅದನ್ನು ಕತ್ತರಿಸಿ ತೆಗೆಸಲು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಗೊತ್ತಿತ್ತು. ಅವತ್ತು ಆ ಚೂರನ್ನು ನಾನು ಮನೆಗೆ ತರುತ್ತೇನೆಂದು ಹಟ ಮಾಡಿದೆ. ನೀವು ನನ್ನ ಕೈಯಿಂದ ಕಿತ್ತು ಆಸ್ಪತ್ರೆಯ ಬುಟ್ಟಿಗೆ ಎಸೆದಿರಿ. ಮನೆಯವರೆಗೂ ಅತ್ತೆ. ಯಾಕೆಂದು ಇವತ್ತು ತಿಳಿಯಿತು.

ಅವರಿಗೆ ಹೇಳಬೇಕು ಅಪ್ಪ. ನೀವು ಹೇಳಿ, ಇಲ್ಲವೇ ನಾನು ಹೇಳುತ್ತೇನೆ. ಹನ್ನೆರಡನೆಯ ತಾರೀಕಿನವರೆಗೆ ಹಲಗೆಯನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳುತ್ತೇನೆ.

ಇಕ್ಕಳ


ಡಿಸೆಂಬರ್ 2

ಮಗಳೇ,

ಓದಿದೆ.

ಆಕೆಗೆ ಪತ್ರ ಬರೆಯಲು ಕೂತೆ. ಇದು ಪತ್ರದಲ್ಲಿ ಹೇಳುವ ಮಾತಲ್ಲ. ಹತ್ತನೆಯ ತಾರೀಕಿನ ಬಸ್ಸಿಗೆ ಬರುತ್ತೇನೆ. ನಿನ್ನ ಅಕ್ಕನಿಗೆ ಹಲ್ಲಿನ ಡಾಕ್ಟರ್ ಎಂದು ಹೇಳಿದ್ದೆ. ಊರಿಗೆ ಊರೇ ದಾಟಿ ಯಾವ ಹಲ್ಲಿನ ಡಾಕ್ಟರ್ ಎಂದು ಕೇಳಿದಳು. ಕೂರಿಸಿ ಎಲ್ಲವನ್ನೂ ಹೇಳಿದೆ. ಆಮೇಲೆ ಎದ್ದು ನನ್ನ ಬೂಟಿಗೆ ಪಾಲಿಶ್ ಹಾಕಿದಳು.

ಒಂದು ವಿಷಯ ಸ್ಪಷ್ಟವಾಗಿರಲಿ. ನೀನು ಕಾಂಪೌಂಡ್ ಹತ್ತಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಮಕ್ಕಳು ಹತ್ತುತ್ತಾರೆ, ಬೀಳುತ್ತಾರೆ. ಪೈಲಟ್ ಆರಿಸಿ ಹೋಗಲು ನನಗೆ ಅರ್ಧ ನಿಮಿಷ ಸಾಕಿತ್ತು. ಮರುದಿನ ಇನ್‌ಸ್ಪೆಕ್ಟರಿಗೆ ಇಲ್ಲ ಎನ್ನಲು ಅಷ್ಟೂ ಬೇಡವಾಗಿತ್ತು.

ನೀನು ಅಲ್ಲಿ ಇರಬೇಡ.

ಅಪ್ಪ


ಡಿಸೆಂಬರ್ 5

ಅಪ್ಪ,

ಹತ್ತರಂದು ನಾನು ಮೂರು ಓಣಿ ಆಚೆ, ಬೇಕರಿಯ ಮೇಲಿನ ಮನೆಯಲ್ಲಿ ಕೆಲಸದಲ್ಲಿರುತ್ತೇನೆ. ಮುಗಿಸಿದ ಮೇಲೆ ಬರಬೇಕು ಅನ್ನಿಸಿದರೆ ಬನ್ನಿ. ಅನ್ನಿಸದಿದ್ದರೆ ಬೇಡ.

ಹೊಲಿಗೆಯಮ್ಮನಿಗೆ ನಾನು ಏನೂ ಹೇಳಿಲ್ಲ. ಮಫ್ಲರ್ ಮರೆಯಬೇಡಿ. ಆ ಮನೆ ತುಂಬ ತಣ್ಣಗಿದೆ.

ಇಕ್ಕಳ


ಡಿಸೆಂಬರ್ 13

ಮಗಳೇ,

ಹತ್ತರಂದು ಎಲ್ಲ ಮುಗಿಸಿ ಬೇಕರಿಯ ಮುಂದೆ ಬಂದು ನಿಂತಿದ್ದೆ. ಮೇಲೆ ಡ್ರಿಲ್ ಓಡುತ್ತಿತ್ತು. ನೀನೇ ಅಂತ ಗೊತ್ತಾಯಿತು, ಗೋಡೆ ಕೊರೆಯುವಾಗ ನಡುವೆ ನಿಲ್ಲಿಸಿ ನೋಡುವವರು ಕಡಿಮೆ. ಹತ್ತಿ ಬರಲು ಕಾಲು ಬರಲಿಲ್ಲ. ಬಸ್ ಸ್ಟ್ಯಾಂಡಿಗೆ ನಡೆದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಆಕೆ ಬಾಗಿಲು ತೆಗೆದು "ಯಾವ ಕೋಟು?" ಎಂದರು. ಗಿರಾಕಿ ಎಂದುಕೊಂಡಿದ್ದರು.

"ಆ ಕವರಿನ ಒಳಗೆ ಬರೆದವನು ನಾನು" ಎಂದೆ.

ಆಕೆ ನನ್ನನ್ನು ಭುಜದಿಂದ ಪಾದದವರೆಗೆ ನೋಡಿದರು, ಬಟ್ಟೆಗೆ ಅಳತೆ ನೋಡುವ ಹಾಗೆ. ಒಳಗೆ ಕರೆದು ಸ್ಟೂಲ್ ತೋರಿಸಿದರು. ನಾನು ಕೂರಲಿಲ್ಲ. ನಿನಗೆ ಬರೆದದ್ದನ್ನೆಲ್ಲ ಹೇಳಿದೆ. ನೀನು ಪೆಟ್ಟಿಗೆಯಲ್ಲಿ ಕಂಡದ್ದನ್ನೂ, ನೀನು ನನ್ನ ಮಗಳೆನ್ನುವುದನ್ನೂ ಹೇಳಿದೆ. ಅವರು ಹೊಲಿಗೆ ಯಂತ್ರದ ಮೇಲೆ ಕೈಯಿಟ್ಟುಕೊಂಡು ಕೇಳಿದರು. ಒಂದು ಹನಿ ಕಣ್ಣೀರಿಲ್ಲ.

"ಮರುದಿನ ನೀವು ಓಣಿಯಲ್ಲಿ ನಿಂತಿದ್ರಾ?"

"ನಿಂತಿದ್ದೆ."

"ಬಿಳಿ ವ್ಯಾನಿನ ಹಿಂದೇನಾ ಮುಂದೇನಾ?"

"ಹಿಂದೆ."

"ನಾನು ಮುಂದಿದ್ದೆ" ಎಂದರು. "ಅವತ್ತು ವ್ಯಾನ್ ಸುತ್ತಿ ಈ ಕಡೆ ಬರೋಕೆ ಹತ್ತು ಹೆಜ್ಜೆ ಸಾಕಿತ್ತು. ನಿಮಗೆ ಇಪ್ಪತ್ತೆರಡು ವರ್ಷ ಬೇಕಾಯ್ತು. ತಂಗಿ ಮನೆಗೆ ಹೋಗಿದ್ದಕ್ಕೆ ಹೀಗಾಯ್ತು ಅಂತ ಅವಳ ಹತ್ರ ಮಾತೇ ಬಿಟ್ಟೆ. ಅವಳು ಹೋಗಿ ಆರು ವರ್ಷ ಆಯ್ತು. ಅವಳಿಗೆ ಯಾರು ಹೇಳ್ತೀರಿ ಈಗ?"

ಕೋಟು ಬಿಗಿದುಕೊಂಡು ಎದ್ದರು. "ನಡೀರಿ. ಆಫೀಸಿನ ಕಾಗದದಲ್ಲಿ ಮನೆಯವರ ಅಜಾಗರೂಕತೆ ಅಂತಿದೆ. ಮನೆಯವರು ಅಂದ್ರೆ ನಾನು." ಇಬ್ಬರೂ ಗ್ಯಾಸ್ ಕಚೇರಿಗೆ ನಡೆದೆವು. ಆಕೆ ನನಗಿಂತ ನಾಲ್ಕು ಹೆಜ್ಜೆ ಮುಂದೆ. ಅಲ್ಲಿ ಬರೆದು ಕೊಟ್ಟೆ, ಸಹಿ ಹಾಕಿದೆ. ಅಷ್ಟು ಹಳೆಯ ಫೈಲ್ ಇದೆಯೋ ಇಲ್ಲವೋ ಎಂದ ಗುಮಾಸ್ತ. "ಇಲ್ದಿದ್ರೆ ಹೊಸದು ಮಾಡಿ" ಎಂದರು ಆಕೆ. ಅವನು ಮುದ್ರೆ ಒತ್ತಿದ. ನಿನ್ನನ್ನೂ ಕರೆಸಿ ಕೇಳುತ್ತಾರಂತೆ. ಕಂಡದ್ದನ್ನು ಹೇಳು.

ಅಲ್ಲಿಗೆ ಮುಗಿಯಿತೆಂದುಕೊಂಡೆ. ಕಚೇರಿಯ ಮೆಟ್ಟಿಲ ಮೇಲೆ ಆಕೆ ನಿಂತರು.

"ಅವರ ಜೊತೆ ಕೊನೇಲಿ ಮಾತಾಡಿದೋರು ನೀವೇ. ಅಲ್ವಾ?"

ಇಷ್ಟು ವರ್ಷದಲ್ಲಿ ಇದು ನನಗೆ ಹೊಳೆದೇ ಇರಲಿಲ್ಲ.

"ಏನಂದ್ರು?"

ನಿನಗೆ ಬರೆದ ಪತ್ರದಲ್ಲಿ ಒಂದನ್ನು ಬಿಟ್ಟಿದ್ದೆ. ಕಚೇರಿಯ ಕಾಗದದಲ್ಲೂ ಬಿಟ್ಟಿದ್ದೆ. ಆಕೆಗೆ ಬಿಡಲಾಗಲಿಲ್ಲ. ನಾನು ಕವರ್ ಬಿಚ್ಚುವಾಗ ಡ್ರೈವರ್ ಪಕ್ಕದಲ್ಲಿ ನಿಂತು ಹೇಳಿದ್ದರು: "ನಾಳೆ ಮಧ್ಯಾಹ್ನ ಅವಳು ಬರ್ತಾಳೆ. ಅಷ್ಟರಲ್ಲಿ ಮನೆ ಬೆಚ್ಚಗಿರಲಿ ಅಂತ ನಿಮ್ಮನ್ನ ಕರೆಸ್ದೆ. ಕಿಂಡಿಗೆ ಅದೇನೋ ಬಟ್ಟೆ ತುರುಕಿದಾಳೆ ನೋಡಿ. ಅದನ್ನ ನೀವೇ ತೆಗೀರಿ ಮಾರಾಯ್ರೆ. ನಾನು ತೆಗೆದ್ರೆ ಬೈತಾಳೆ, ರಿಪೇರಿಯವರು ತೆಗೆದ್ರು ಅಂದ್ರೆ ಸುಮ್ನಿರ್ತಾಳೆ." ನಾನು "ಕೊನೇಲಿ ತೆಗೀತೀನಿ" ಎಂದಿದ್ದೆ.

ಬಟ್ಟೆಯೂ ನನ್ನ ಕೆಲಸವೇ ಆಗಿತ್ತು, ಮಗಳೇ. ಆಕೆಯ ಪಾಲಿಗೆ ಏನೂ ಇರಲಿಲ್ಲ.

ಆಕೆ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ಹೊಡೆಯುತ್ತಾರೇನೋ ಅನ್ನಿಸಿತು. ಹೊಡೆದಿದ್ದರೆ ಚೆನ್ನಾಗಿತ್ತು. "ಫೋನ್ ಬಂದಾಗ?" ಎಂದರು.

"‘ಮೊದಲು ಓಡಿ. ಈ ಯಂತ್ರ ಎಲ್ಲಿಗೆ ಹೋಗುತ್ತೆ, ಗೋಡೆಗೆ ಮೊಳೆ ಹೊಡೆದಿದಾರೆ’ ಅಂದ್ರು."

ಆಕೆಗೆ ನಗು ಬಂದುಬಿಟ್ಟಿತು. ಕೈಗವಸಿನ ಕೈಯಿಂದ ಬಾಯಿ ಮುಚ್ಚಿಕೊಂಡರು. "ಅವರದೇ ಮಾತು" ಎಂದರು. ಜನ ನಮ್ಮನ್ನು ಸುತ್ತಿ ಹತ್ತಿ ಇಳಿಯುತ್ತಿದ್ದರು.

ಏಳುವಾಗ ಹೇಳಿದರು, "ಕ್ಷಮಿಸಿಬಿಟ್ಟೆ ಅಂತ ತಿಳ್ಕೋಬೇಡಿ. ಅದು ನನ್ನ ಕೈಲಾಗಲ್ಲ. ಆ ಹೀಟರ್ ಡಬ್ಬ ನಿಮ್ಮ ಮಗಳು ಬಿಚ್ಕೊಂಡು ಹೋಗ್ಲಿ. ನೀವು ಮಂಗಳವಾರ ಬನ್ನಿ."

"ಯಾಕೆ?"

"ಮತ್ತೆ ಹೇಳೋಕೆ. ಮೊದಲಿಂದ. ಅವರು ಏನು ಹಾಕ್ಕೊಂಡಿದ್ರು, ಎಲ್ಲಿ ನಿಂತಿದ್ರು, ಎಲ್ಲಾ. ನಿಮ್ಮ ಹತ್ರ ಅವರದು ಅರ್ಧ ಗಂಟೆ ಇದೆ. ನನ್ನ ಹತ್ರ ಇಲ್ಲ."

ಹೋಗುತ್ತೇನೆ. ಇನ್ನೆಷ್ಟು ಮಂಗಳವಾರವೋ ಗೊತ್ತಿಲ್ಲ, ಅವರು ಸಾಕೆನ್ನುವವರೆಗೆ. ಆ ಅರ್ಧ ಗಂಟೆಯನ್ನು ಮರೆಯಲು ಇಷ್ಟು ವರ್ಷ ಒದ್ದಾಡಿದೆ. ಈಗ ಒಂದೊಂದೇ ಹೆಕ್ಕಿ ನೆನೆಯಬೇಕು. ನಿನ್ನ ಮನೆಯ ಸಣ್ಣ ಕೋಣೆ ಖಾಲಿಯಿದ್ದರೆ ಸೋಮವಾರವೇ ಬಂದುಬಿಡುತ್ತೇನೆ. ಬೇಡವೆಂದರೆ ಬೆಳಗಿನ ಬಸ್ಸಿದೆ.

ಬಸ್ಸಿನಲ್ಲಿ ಬರುವಾಗ ಇನ್ನೊಂದು ನೆನಪಾಯಿತು. ನಾನು ಓಣಿಯ ತಿರುವಿನಲ್ಲಿದ್ದಾಗ ಅವರು ಬಾಗಿಲಿಂದ ಕೂಗಿ ಕೇಳಿದ್ದರು, "ಮಗುಗೆ ಯಾವ ಕೈಯಂತೆ?" ಗೊತ್ತಿಲ್ಲ ಎಂದು ಓಡುತ್ತಲೇ ಕೂಗಿದೆ. "ಬಲಗೈ ಆಗದಿರಲಿ, ಬರೆಯೋ ಕೈ" ಎಂದರು.

ಮುರಿದದ್ದು ನಿನ್ನ ಎಡಗೈ.

ಇದನ್ನು ಆಕೆಗೆ ಇನ್ನೂ ಹೇಳಿಲ್ಲ. ಮಂಗಳವಾರಕ್ಕೆ ಇಟ್ಟುಕೊಂಡಿದ್ದೇನೆ.

ಅಪ್ಪ